ಗಡಿಯ ಎರಡೂ ಕಡೆ ಗಿರಾಕಿ: ಮನೆ ಉದ್ಯಮಕ್ಕೆ ಜಾಲತಾಣ ಬಳಸುವುದು ಹೇಗೆ?

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಮಿಡಿ ಉಪ್ಪಿನಕಾಯಿ ಮಾಡಿ ಮಾರಹೊರಟವರು ಮೊದಲು ತೆರೆಯುವುದು ಇನ್‌ಸ್ಟಾಗ್ರಾಂ ಖಾತೆ. ಶುರು ಮಾಡಬೇಕಾದ್ದು ಅಲ್ಲಿಂದಲ್ಲ. ರೀಲ್ಸ್ ನೋಡಿದವರು ಕೊನೆಗೆ ಬಂದು ಕೇಳುವುದು ವಾಟ್ಸಾಪ್‌ನಲ್ಲಿ: 'ರೇಟ್ ಎಷ್ಟು? ಮಂಗಳೂರಿಗೆ ಕಳಿಸ್ತೀರಾ?' ಇದಕ್ಕೆ ಬೇಗ, ಸರಿಯಾಗಿ ಉತ್ತರ ಹೋಗದಿದ್ದರೆ ವೀಕ್ಷಣೆ ಎಷ್ಟೇ ಬರಲಿ, ಒಂದು ಕಟ್ಟು ಹಪ್ಪಳವೂ ಮನೆಯಿಂದ ಹೊರಡುವುದಿಲ್ಲ. ಹಾಗಾಗಿ ವಾಟ್ಸಾಪ್ ಮೊದಲು, ಗೂಗಲ್ ಮ್ಯಾಪ್ ಎರಡನೆಯದು, ಇನ್‌ಸ್ಟಾಗ್ರಾಂ ಕೊನೆಗೆ.

ವಾಟ್ಸಾಪ್ ಬಿಸಿನೆಸ್

ಇದು ಉಚಿತ ಆ್ಯಪ್. ಮನೆಯವರ ನಂಬರಿಗೆ ಬೆರೆಸಬೇಡಿ, ವ್ಯಾಪಾರಕ್ಕೆಂದೇ ಒಂದು ಸಿಮ್ ಇರಲಿ. ಒಂದೇ ನಂಬರಿನಲ್ಲಿ ಮಾಮೂಲಿ ವಾಟ್ಸಾಪ್ ಮತ್ತು ಬಿಸಿನೆಸ್ ಎರಡೂ ನಡೆಯುವುದಿಲ್ಲ. ಖಾತೆ ತೆರೆದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ 6 ಅಂಕಿಯ ಪಿನ್ ಹಾಕಿ. ಒಟಿಪಿ ಕೇಳಿ ಖಾತೆ ಕದಿಯುವವರಿಗೆ ಸುಲಭದಲ್ಲಿ ಸಿಗುವುದು ಪಿನ್ ಇಲ್ಲದ ಖಾತೆಗಳು.

ಮುಂದಿನ ಕೆಲಸ ಕ್ಯಾಟಲಾಗ್, ಅಂದರೆ ಆ್ಯಪ್‌ನೊಳಗಿನ ಸಾಮಾನುಗಳ ಪಟ್ಟಿ. ಒಂದೊಂದು ಸಾಮಾನಿಗೂ ಫೋಟೊ, ಹೆಸರು, ಅಳತೆ, ಬೆಲೆ ನಾಲ್ಕೂ ಬೇಕು. 'ಹಲಸಿನ ಹಪ್ಪಳ' ಎಂದಷ್ಟೇ ಬರೆದರೆ ಸಾಲದು. 'ಹಲಸಿನ ಹಪ್ಪಳ, ಖಾರದ್ದು, 50ರ ಕಟ್ಟು' ಎಂದಿರಬೇಕು. 'ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ' ಎಂಬ ಚಾಳಿ ಬಿಟ್ಟುಬಿಡಿ. ಬೆಲೆ ಕಾಣದಿದ್ದರೆ ಹೆಚ್ಚಿನವರು ದುಬಾರಿ ಇರಬೇಕೆಂದು ಮುಂದೆ ಹೋಗುತ್ತಾರೆ. ಕೊರಿಯರ್ ಖರ್ಚನ್ನು ಬೆಲೆಯೊಳಗೆ ಸೇರಿಸದೆ ಬೇರೆಯೇ ತೋರಿಸಿ. ಕುಂಬಳೆಯ ಗಿರಾಕಿ ಬೆಂಗಳೂರಿನವರ ಪಾರ್ಸೆಲ್ ಖರ್ಚನ್ನು ಯಾಕೆ ಹೊರಬೇಕು?

ಕ್ವಿಕ್ ರಿಪ್ಲೈ ಎಂಬ ಸೌಲಭ್ಯವನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಪದೇ ಪದೇ ಬರುವ ಪ್ರಶ್ನೆಗೆ ಉತ್ತರ ಬರೆದಿಟ್ಟರೆ, / ಚಿಹ್ನೆ ಒತ್ತಿ ಅದರ ಹೆಸರು ಹಾಕಿದೊಡನೆ ಅದು ಬಂದು ಕೂರುತ್ತದೆ. ಒಂದು ಮಾದರಿ:

'ನಮಸ್ಕಾರ. 50ರ ಕಟ್ಟಿಗೆ ಇಂತಿಷ್ಟು, ಪಾರ್ಸೆಲ್ ಖರ್ಚು ಬೇರೆ. ಸೋಮವಾರ ಮತ್ತು ಗುರುವಾರ ಅಂಚೆಗೆ ಹಾಕುತ್ತೇವೆ. ಹೆಸರು, ಪೂರ್ತಿ ವಿಳಾಸ, ಪಿನ್‌ಕೋಡ್ ಕಳಿಸಿ.'

ಇದರ ಮಲಯಾಳ ಪ್ರತಿಯನ್ನೂ ಇನ್ನೊಂದು ಹೆಸರಲ್ಲಿ ಉಳಿಸಿ. ಯಂತ್ರ ಮಾಡಿಕೊಟ್ಟ ಅನುವಾದವನ್ನು ಹಾಗೇ ಹಾಕದೆ, ಮಲಯಾಳ ಓದಬಲ್ಲ ನೆರೆಯವರಿಗೆ ಒಮ್ಮೆ ತೋರಿಸಿ.

ಹೊಸ ಮಾಲು ಬಂದಾಗ ತಿಳಿಸಲು ಗ್ರೂಪ್ ಮಾಡುವುದು ಬೇಡ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಗುಡ್ ಮಾರ್ನಿಂಗ್ ಸಂದೇಶಗಳ ನಡುವೆ ನಿಮ್ಮ ಹಪ್ಪಳ ಕಳೆದುಹೋಗುತ್ತದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. 'ಕಳಿಸಿದ್ದೇನೆ, ಯಾರೂ ನೋಡಿಲ್ಲ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವ ಕಾರಣ ಇದೇ. ಪ್ರತಿ ಪಾರ್ಸೆಲ್‌ನೊಳಗೆ 'ಈ ನಂಬರ್ ಸೇವ್ ಮಾಡಿಕೊಳ್ಳಿ' ಎಂಬ ಚೀಟಿ ಹಾಕಿ. ವಾರಕ್ಕೊಂದು ಸಂದೇಶ ಧಾರಾಳ, ಅದಕ್ಕಿಂತ ಹೆಚ್ಚಾದರೆ ಬ್ಲಾಕ್ ಮಾಡುತ್ತಾರೆ.

ಗೂಗಲ್ ಮ್ಯಾಪ್

ಮ್ಯಾಪ್‌ನಲ್ಲಿ ನಿಮ್ಮ ಉದ್ಯಮ ಕಾಣಿಸುವ ಬಿಸಿನೆಸ್ ಪ್ರೊಫೈಲ್ ತೆರೆಯಲು ಹಣ ಕೊಡಬೇಕಾಗಿಲ್ಲ. ಹಣ ಕೇಳಿ ಫೋನ್ ಮಾಡುವವರು ದಲ್ಲಾಳಿಗಳು. ಖಾತ್ರಿಗಾಗಿ ಗೂಗಲ್‌ನವರು ಸಾಮಾನ್ಯವಾಗಿ ಕತ್ತರಿಸದ ಒಂದೇ ವಿಡಿಯೊ ಕೇಳುತ್ತಾರೆ; ಅದರಲ್ಲಿ ರಸ್ತೆ, ಬೋರ್ಡು, ಕೆಲಸದ ಜಾಗ ಒಂದರ ಹಿಂದೊಂದು ಕಾಣಬೇಕು. ಮನೆಗೆ ಜನ ಬರುವುದು ಇಷ್ಟವಿಲ್ಲದಿದ್ದರೆ ವಿಳಾಸ ಮರೆಮಾಡಿ, ಸಾಮಾನು ತಲುಪಿಸುವ ಪ್ರದೇಶವನ್ನಷ್ಟೇ ತೋರಿಸಬಹುದು.

ನಮ್ಮ ಕಡೆ ಊರಿನ ಹೆಸರೇ ಒಂದು ತೊಡಕು. ಮಂಜೇಶ್ವರ ಎಂದು ಹುಡುಕುವವರಿದ್ದಾರೆ, ಮಂಜೇಶ್ವರಂ ಎನ್ನುವವರೂ ಇದ್ದಾರೆ. ಎರಡು ರೂಪಗಳನ್ನೂ ವಿವರಣೆಯ ಜಾಗದಲ್ಲಿ ಬರೆಯಿರಿ. ಅಂಗಡಿಯ ಹೆಸರಿನ ಜಾಗದಲ್ಲಿ ತುರುಕಿದರೆ ಗೂಗಲ್ ಪ್ರೊಫೈಲನ್ನೇ ತಡೆಹಿಡಿಯಬಹುದು.

ಇನ್‌ಸ್ಟಾಗ್ರಾಂ

ಖಾತೆಯನ್ನು ಪ್ರೊಫೆಷನಲ್‌ಗೆ ಬದಲಾಯಿಸಿ, ಬಯೋದ (ಖಾತೆಯ ಪರಿಚಯ) 150 ಅಕ್ಷರಗಳಲ್ಲಿ ಏನು, ಯಾವ ಊರು, ಎಲ್ಲಿಗೆಲ್ಲ ಕಳಿಸುತ್ತೀರಿ ಎಂಬಷ್ಟನ್ನು ಬರೆದು ವಾಟ್ಸಾಪ್ ಕೊಂಡಿ ಹಾಕಿ. ದೇವರ ಫೋಟೊ, ಸುಭಾಷಿತ ಮನೆಯ ಖಾತೆಯಲ್ಲಿರಲಿ.

ರೀಲ್ಸ್‌ಗೆ ಫೋನನ್ನು ನೆಟ್ಟಗೆ ಹಿಡಿಯಬೇಕು. ಅದಕ್ಕೂ ಮೊದಲು ಲೆನ್ಸ್ ಒರೆಸಿ: ಅಡುಗೆಮನೆಯಲ್ಲಿ ಬಳಸುವ ಫೋನಿನ ಮೇಲೆ ಎಣ್ಣೆಯ ಪಸೆ ಇದ್ದೇ ಇರುತ್ತದೆ, ಚಿತ್ರ ಮಂಜಾಗುವುದು ಅದರಿಂದಲೇ. ಟ್ಯೂಬ್‌ಲೈಟ್ ಆರಿಸಿ, ಬೆಳಿಗ್ಗೆ ಕಿಟಕಿಯ ಪಕ್ಕ ಒಲೆ ಇಡಿ, ಬೆಳಕು ಒಂದು ಬದಿಯಿಂದ ಬೀಳಲಿ. ಕಾದ ತೆಂಗಿನೆಣ್ಣೆಗೆ ಹಪ್ಪಳ ಬಿದ್ದು ಅರಳುವ ಗಳಿಗೆಯೇ ವಿಡಿಯೊದ ಮೊದಲ ಮೂರು ಸೆಕೆಂಡಿನಲ್ಲಿ ಇರಲಿ. ಹಲಸಿನಕಾಯಿ ಕೊಯ್ಯುವುದು, ಸೊಳೆ ಬೇಯಿಸುವುದು, ರುಬ್ಬುವುದು, ತಟ್ಟುವುದು ಆಮೇಲೆ. ಒಟ್ಟು 20ರಿಂದ 25 ಸೆಕೆಂಡು. ಸಿನಿಮಾ ಹಾಡು ಬೇಡ, ಬಿಸಿನೆಸ್ ಖಾತೆಗೆ ಬಹಳಷ್ಟು ಹಾಡುಗಳು ಸಿಗುವುದೂ ಇಲ್ಲ. ಹಪ್ಪಳ ಸದ್ದು ಮಾಡಿ ಮುರಿಯುವುದಕ್ಕಿಂತ ಒಳ್ಳೆಯ ಸಂಗೀತ ಈ ವ್ಯಾಪಾರಕ್ಕೆ ಇನ್ನಾವುದು?

ಮಾತನಾಡುವುದಾದರೆ ತುಳುವಿನಲ್ಲಿ ಆಡಿ, ರಾಜ್ಯದ ಗಡಿಯಾದ ತಲಪಾಡಿಯ ಎರಡೂ ಕಡೆ ತಲುಪುತ್ತದೆ. ಮೇಲೆ ಕನ್ನಡ ಅಕ್ಷರ ಕೊಡಿ, ಸದ್ದಿಲ್ಲದೆ ನೋಡುವವರು ಬಹಳ. ಪರದೆಯ ಕೆಳಭಾಗದಲ್ಲಿ ಖಾತೆಯ ಹೆಸರು, ಬಲಗಡೆ ಲೈಕ್ ಬಟನ್ ಬರುವುದರಿಂದ ಬೆಲೆ, ನಂಬರು ನಡುವಿನಲ್ಲಿರಲಿ.

ಗಲ್ಫಿನಲ್ಲಿರುವವರು ಊರಿನ ಮನೆಗೆ, ಅಥವಾ ರಜೆ ಮುಗಿಸಿ ಮರಳುವವರ ಕೈಯಲ್ಲಿ ತರಿಸಿಕೊಳ್ಳಲು ಆರ್ಡರ್ ಮಾಡುತ್ತಾರೆ. ಇಲ್ಲಿ ರಾತ್ರಿ 9.30 ಆದಾಗ ದುಬೈಯಲ್ಲಿ 8, ಕತಾರ್‌ನಲ್ಲಿ 7 ಗಂಟೆ. ಕೆಲಸ ಬಿಟ್ಟು ಕೋಣೆಗೆ ಬಂದವರ ಕೈಯಲ್ಲಿ ಫೋನ್ ಇರುವ ಹೊತ್ತು ಅದು, ರೀಲ್ಸ್ ಆಗ ಹಾಕಿ.

ಜಾಹೀರಾತು ಕೊಡುವುದಾದರೆ

ದುಡ್ಡು ಕೊಡದೆಯೇ ಜನ ಹೆಚ್ಚು ಶೇರ್ ಮಾಡಿದ ರೀಲ್ಸ್ ಒಂದನ್ನು ಮಾತ್ರ ಬೂಸ್ಟ್ ಮಾಡಿ, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನರಿಗೆ ತೋರಿಸಿ. ಸೋತದ್ದನ್ನು ಎತ್ತಿ ನಿಲ್ಲಿಸಲು ಹೋಗಬೇಡಿ. 'ಕೇರಳ' ಎಂದು ಆರಿಸಿದರೆ ಮಂಗಳೂರು ತಪ್ಪುತ್ತದೆ, ಹಣವೆಲ್ಲ ತಿರುವನಂತಪುರದವರೆಗೆ ಹರಡಿಹೋಗುತ್ತದೆ. ನಕ್ಷೆಯಲ್ಲಿ ತಲಪಾಡಿಗೆ ಪಿನ್ ಇಟ್ಟು 40 ಕಿ.ಮೀ. ತ್ರಿಜ್ಯ ಕೊಟ್ಟರೆ ಮಂಗಳೂರು, ವಿಟ್ಲ, ಕಾಸರಗೋಡು ಮೂರೂ ಒಳಗೆ ಬರುತ್ತವೆ. ವೃತ್ತದ ದೊಡ್ಡ ಪಾಲು ಅರಬ್ಬಿ ಸಮುದ್ರದ ಮೇಲೆ ಬೀಳುತ್ತದೆ ನಿಜ, ಮೀನುಗಳ ಲೆಕ್ಕದಲ್ಲಿ ಹಣ ಕೀಳುವುದಿಲ್ಲ. ಭಾಷೆ 'ಕನ್ನಡ' ಎಂದು ಆರಿಸಬೇಡಿ: ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡ ಕನ್ನಡಿಗರು ಆಗ ಹೊರಗುಳಿಯುತ್ತಾರೆ. ಹೇಳಿದ ಮೊತ್ತದ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಐಫೋನ್ ಆ್ಯಪ್‌ನಿಂದ ಬೂಸ್ಟ್ ಮಾಡಿದರೆ ಆ್ಯಪಲ್‌ನ ಪಾಲೂ ಸೇರುತ್ತದೆ, ಬ್ರೌಸರ್‌ನಲ್ಲಿ ಮಾಡಿದರೆ ಅದು ಉಳಿಯುತ್ತದೆ.

ಲೈಕ್ ಲೆಕ್ಕ ಹಾಕುತ್ತ ಕೂರಬೇಡಿ. ಆರ್ಡರ್ ಮಾಡಿದ ಪ್ರತಿಯೊಬ್ಬರನ್ನೂ 'ಎಲ್ಲಿ ನೋಡಿದಿರಿ?' ಎಂದು ಕೇಳಿ ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳಲ್ಲಿ ಯಾವ ಕೆಲಸ ಬಿಡಬಹುದೆಂದು ತಾನಾಗಿ ಗೊತ್ತಾಗುತ್ತದೆ.

ಎಡವುವ ಜಾಗಗಳು

ಹಣ ಬಂದಿತೆಂಬ ಸ್ಕ್ರೀನ್‌ಶಾಟ್ ನಂಬಿ ಮಾಲು ಕಳಿಸಬೇಡಿ, ಬ್ಯಾಂಕ್ ಖಾತೆ ನೋಡಿ. 'ಈ ಕ್ಯೂಆರ್ ಸ್ಕ್ಯಾನ್ ಮಾಡಿ, ನಿಮಗೆ ಹಣ ಬರುತ್ತದೆ' ಎನ್ನುವವನು ಮೋಸಗಾರ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಡ. ಕಳೆದುಕೊಂಡರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಹಾರ ಪದಾರ್ಥ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನಾಂಕ ಲೇಬಲ್‌ನಲ್ಲಿರಲಿ, ಲೇಬಲ್‌ನ ಫೋಟೊ ಕ್ಯಾಟಲಾಗ್‌ನಲ್ಲಿರಲಿ. ಹಪ್ಪಳ ಪ್ಲಾಸ್ಟಿಕ್ ಲಕೋಟೆಯಲ್ಲಿ ಹೋದರೆ ಪುಡಿಯಾಗಿ ತಲುಪುತ್ತದೆ, ಆ ಪುಡಿಯ ಫೋಟೊ ನಿಮ್ಮ ರೀಲ್ಸ್‌ನ ಕೆಳಗಿನ ಕಮೆಂಟಿನಲ್ಲಿ ಬಂದು ಕೂರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ, ಅಲುಗಾಡದಂತೆ ಕಾಗದ ತುಂಬಿ ಕಳಿಸಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಪ್ಪಳ ಒಣಗುವುದಿಲ್ಲ, ಇದ್ದ ಕಟ್ಟುಗಳು ಖಾಲಿಯಾಗುತ್ತ ಬರುತ್ತವೆ. ಮುಗಿದ ದಿನವೇ ಕ್ಯಾಟಲಾಗ್‌ನಲ್ಲಿ ಅದನ್ನು ಅಳಿಸದೆ ಮರೆಮಾಡಿ, ಮುಂದಿನ ವರ್ಷ ಫೋಟೊ, ವಿವರ ಹಾಗೇ ಸಿಗುತ್ತದೆ. ಕೇಳಿದವರ ಹೆಸರಿಗೆ ವಾಟ್ಸಾಪ್‌ನಲ್ಲೇ 'ಹಪ್ಪಳ ಬೇಕು' ಎಂಬ ಲೇಬಲ್ ಹಾಕಿಡಿ. ಹೊಸ ಹಪ್ಪಳ ಒಣಗಿದ ಕೂಡಲೇ ಮೊದಲ ಸಂದೇಶ ಅವರಿಗೆ ಹೋಗಲಿ.