ಮದ್ದು ತುಂಬುವ ಹಳೆ ಮಾದರಿ ಬಂದೂಕಿನ ಸೈಟ್ ಸರಿಪಡಿಸುವ ಬಗ್ಗೆ

ಧಾರವಾಡ, ಗದಗ ಭಾಗದಲ್ಲಿ ಲೈಸೆನ್ಸ್ ಪಡೆದು, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿನಿಂದ ಅನುಮತಿ ಇರುವ ರೇಂಜ್‌ನಲ್ಲಿ ಗುರಿ ಅಭ್ಯಾಸ ಮಾಡುವವರು, ಸೈಟಿಗೆ (ಗುರಿ ಹಿಡಿಯಲು ನಳಿಗೆಯ ಮೇಲೆ ಹಿಂದೆ ಮುಂದೆ ಇರುವ ಗುರುತಿಗೆ) ಅರ ಹಾಕುವ ಮೊದಲು ಒಂದೇ ಅಳತೆಯ ಮದ್ದು, ಒಂದೇ ಗಾತ್ರದ ಗುಂಡು, ಒಂದೇ ದಪ್ಪದ ಬಟ್ಟೆಯ ತುಂಡು ಬಳಸಿ ಗುಂಡುಗಳು ಒತ್ತಟ್ಟಿಗೆ ಬೀಳುವಂತೆ ಮಾಡಿಕೊಳ್ಳಬೇಕು. ಗುಂಡುಗಳು ಚದುರಿ ಬೀಳುತ್ತಿರುವಾಗ ಸೈಟ್ ಮುಟ್ಟುವುದು ವ್ಯರ್ಥ.

ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು, ಮುಂದಿನದನ್ನು ಅದರ ವಿರುದ್ಧ ದಿಕ್ಕಿಗೆ. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಸೈಟಿನ ಎತ್ತರವನ್ನು ತಗ್ಗಿಸಬೇಕು. ಎರಡೂ ಸೈಟುಗಳ ನಡುವೆ 75 ಸೆಂ.ಮೀ. ಅಂತರವಿದ್ದು, 50 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ಲೆಕ್ಕದ ಪ್ರಕಾರ 1.5 ಮಿ.ಮೀ. ತೆಗೆಯಬೇಕಾಗುತ್ತದೆ. ಆದರೆ ಉಜ್ಜಿದ ಲೋಹ ಮರಳಿ ಬರುವುದಿಲ್ಲವಾದ್ದರಿಂದ ಅರ್ಧದಷ್ಟು ತೆಗೆದು, ಮತ್ತೆ ಗುಂಡು ಹಾರಿಸಿ ನೋಡಿಯೇ ಮುಂದುವರಿಯುವುದು ಲೇಸು.

ಅರ ಹಾಕಿದ ಸೈಟು ನಮ್ಮ ಎರಿ ಬಯಲಿನ ಬಿಸಿಲಿನಲ್ಲಿ ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ: ಬಲಗಡೆಯಿಂದ ಬಿಸಿಲು ಬಿದ್ದಾಗ ಹೊಳೆಯುವ ಆ ಅಂಚನ್ನೇ ನಡುವೆಂದು ಹಿಡಿಯುವುದರಿಂದ ಗುಂಡು ಎಡಕ್ಕೆ ಸರಿಯುತ್ತದೆ. ನಳಿಗೆ ಖಾಲಿ ಇರುವುದನ್ನು ಕಡ್ಡಿ ಇಳಿಸಿ ಖಚಿತಪಡಿಸಿಕೊಂಡು, ಮದ್ದು ಮತ್ತು ಅದಕ್ಕೆ ಕಿಡಿ ಹೊತ್ತಿಸುವ ಕೇಪುಗಳನ್ನು ಬೇರೆ ಕೋಣೆಯಲ್ಲಿಟ್ಟ ನಂತರವೇ, ಉರಿಯುವ ಕರ್ಪೂರದ ಹೊಗೆಗೆ ಸೈಟನ್ನು ಹಿಡಿದು ಮಸಿ ಕಟ್ಟಿಸಿದರೆ ಆ ಹೊಳಪು ಅಡಗುತ್ತದೆ.