ಜುಲೈ ಕ್ಯಾಂಪ್‌ನಲ್ಲಿ ಹುಡುಗರನ್ನು ಅಳೆಯೋದು ಹೇಗೆ? ಪಕ್ ನೋಡೋದು ಬಿಡಿ

ಜೂನ್ ಕೊನೆಗೆ ಎನ್‌ಎಚ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್‌ನ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳೋದು, ಮುಗಿಯುತ್ತದೆ. 32 ತಂಡ, 7 ಸುತ್ತು, 224 ಹುಡುಗರು. ಆಮೇಲೆ ಕೆಲವೇ ದಿನಗಳಲ್ಲಿ ತಂಡಗಳು ತಮ್ಮ ತಮ್ಮ ಹುಡುಗರನ್ನು ಕರೆಸಿ ಡೆವಲಪ್‌ಮೆಂಟ್ ಕ್ಯಾಂಪ್ ನಡೆಸುತ್ತವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರಿಗೆ ಸ್ಯಾನ್ ಹೋಸೆಯ ಶಾರ್ಕ್ಸ್ ತಂಡ ಇದೆ, 10ನೇ ಬೀದಿಯಲ್ಲೇ ಅವರ ಪ್ರಾಕ್ಟೀಸ್ ರಿಂಕ್ (ಐಸ್ ಅಂಗಳ). ಜನರನ್ನು ಯಾವ ಸೆಷನ್‌ಗೆ ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಸ್ವೆಟರ್ ಮರೀಬೇಡಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಹತ್ತೇ ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ.

ನಾನು ಮೊದಲ ಸಲ ಹೋದಾಗ, ಮೂವರ ಎದುರು ಮೂವರು ಆಡುವ ಸಣ್ಣ ಮ್ಯಾಚ್‌ನಲ್ಲಿ ಒಬ್ಬ ನಾಲ್ಕು ಗೋಲು ಹೊಡೆದ. ನೋಟ್‌ಬುಕ್‌ನಲ್ಲಿ ಅವನ ಹೆಸರಿನ ಕೆಳಗೆ ಎರಡು ಗೀಟು ಎಳೆದೆ, ಗೆಳೆಯರಿಗೆಲ್ಲ ಮೆಸೇಜ್ ಬೇರೆ ಮಾಡಿದೆ. ಸಂಜೆ ರೋಸ್ಟರ್ (ಆಟಗಾರರ ಪಟ್ಟಿ) ನೋಡಿದರೆ ಅವನಿಗೆ 23 ವರ್ಷ, ಎದುರಿಗಿದ್ದವರಿಗೆಲ್ಲ 18. ಪಿಯುಸಿ ಹುಡುಗರ ಜೊತೆ ಡಿಗ್ರಿ ಮುಗಿಸಿದವನು ಕಬಡ್ಡಿ ಆಡಿದ ಹಾಗೆ!

ಹಾಗಾಗಿ ಮೊದಲ ಕೆಲಸ, ರೋಸ್ಟರ್‌ನಲ್ಲಿ ಪ್ರತಿಯೊಬ್ಬನ ಹುಟ್ಟಿದ ದಿನಾಂಕ ನೋಡಿ. ಡ್ರಾಫ್ಟ್‌ಗೆ ಬರಬೇಕಾದರೆ ಆ ವರ್ಷ ಸೆಪ್ಟೆಂಬರ್ 15ರ ಒಳಗೆ 18 ತುಂಬಬೇಕು. ಸೆಪ್ಟೆಂಬರ್ 16ಕ್ಕೆ ಹುಟ್ಟಿದವನು ಮುಂದಿನ ವರ್ಷದ ತನಕ ಕಾಯಬೇಕು. ಅಂದರೆ ಒಂದೇ ಡ್ರಾಫ್ಟ್‌ನ ಇಬ್ಬರ ಮಧ್ಯೆಯೂ ಸುಮಾರು ಒಂದು ವರ್ಷದ ವ್ಯತ್ಯಾಸ ಇರಬಹುದು. ಆ ವಯಸ್ಸಲ್ಲಿ ಒಂದು ವರ್ಷ ಅಂದರೆ ಭುಜ, ತೊಡೆ ಎಲ್ಲ ಬೇರೆ. ಇನ್ನು ಹಳೆಯ ಡ್ರಾಫ್ಟ್‌ನವರು, ಯಾರೂ ಆರಿಸದೆ ಸುಮ್ನೆ ಆಹ್ವಾನದ ಮೇಲೆ ಬಂದವರು, ಕಾಲೇಜಿನವರು, ಎಲ್ಲರೂ ಅದೇ ಐಸ್ ಮೇಲೆ ಇರುತ್ತಾರೆ.

ಎರಡನೆಯದು ಅಭ್ಯಾಸ ಆಗೋಕೆ ಕಷ್ಟ. ಪಕ್, ಅಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ, ಅದರ ಹಿಂದೆ ಕಣ್ಣು ಓಡಿಸಬೇಡಿ. ಒಬ್ಬನನ್ನು ಆರಿಸಿಕೊಳ್ಳಿ, ಅವನು ಐಸ್‌ಗೆ ಇಳಿದಾಗಿನಿಂದ ಬೆಂಚಿಗೆ ವಾಪಸ್ ಬರುವವರೆಗೂ ಅವನನ್ನು ಮಾತ್ರ ನೋಡಿ. ಡಿಫೆನ್ಸ್ ಆಡುವ ಹುಡುಗ ಅಂದುಕೊಳ್ಳಿ. ಕೋಚ್ ಪಕ್ಕನ್ನು ಮೂಲೆಗೆ ಎಸೆಯುತ್ತಾನೆ, ಇವನು ತಿರುಗಿ ಅದರ ಹಿಂದೆ ಹೋಗುತ್ತಾನೆ, ಬೆನ್ನ ಹಿಂದೆ ಒಬ್ಬ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಆಗ ಅವನ ಕೈ ನೋಡಬೇಡಿ, ಕುತ್ತಿಗೆ ನೋಡಿ. ಪಕ್ ಮುಟ್ಟುವ ಮೊದಲು ಒಂದು ಸಲ ಎಡಭುಜದ ಮೇಲಿಂದ, ಇನ್ನೊಂದು ಸಲ ಬಲಭುಜದ ಮೇಲಿಂದ ಹಿಂದೆ ನೋಡಿದನಾ? ನೋಡಿದವನಿಗೆ ಪಕ್ ಸಿಗುವ ಹೊತ್ತಿಗೆ ಎಲ್ಲಿಗೆ ಕೊಡಬೇಕು ಅನ್ನೋದು ಗೊತ್ತಿರುತ್ತದೆ. ಒಂದು ಸಣ್ಣ ಭುಜದ ಮೋಸ, ಒಂದು ಪಾಸ್, ಮುಗೀತು. ನೋಡದವನು ಪಕ್ ಹಿಡಿದ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಹಿಂದಿನವನು ಅವನನ್ನು ಗೋಡೆಗೆ ಒತ್ತಿ ನಿಂತಿರುತ್ತಾನೆ. ಕೊಡಗಿನಲ್ಲಿ ಹಾಕಿ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟರ್ಫ್ ಆದರೇನು, ಐಸ್ ಆದರೇನು, ಚೆಂಡು ಬರುವ ಮೊದಲೇ ಸುತ್ತ ನೋಡುವವನೇ ಆಟಗಾರ.

ಸ್ಕೇಟಿಂಗ್‌ನಲ್ಲಿ ನೇರ ಓಟದ ವೇಗಕ್ಕೆ ಮರುಳಾಗೋದು ಸುಲಭ. ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಅಷ್ಟು ಜಾಗದಲ್ಲಿ ಹತ್ತು ಜನ ಇದ್ದಾಗ ಯಾರೂ ನೇರವಾಗಿ ಜಾಸ್ತಿ ಹೊತ್ತು ಓಡೋದಿಲ್ಲ. ಮೊದಲ ಮೂರು ಹೆಜ್ಜೆ ಹೇಗಿದೆ, ತಿರುಗುವಾಗ ವೇಗ ಉಳಿಯುತ್ತದಾ, ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗುತ್ತಾನಾ, ಇಷ್ಟು ಸಾಕು.

ಸ್ಕೇಟಿಂಗ್ ಸರಿಯಿಲ್ಲ ಅಂತ ಹೆಸರು ಹೊಡೆದು ಹಾಕುವ ಮೊದಲು ಜೋ ಪಾವೆಲ್ಸ್ಕಿಯನ್ನು ನೆನಪು ಮಾಡಿಕೊಳ್ಳಿ. 2003ರ ಡ್ರಾಫ್ಟ್, ಏಳನೇ ಸುತ್ತು, 205ನೇ ಹೆಸರು. ವೇಗ ಸಾಲದು ಅನ್ನಿಸಿಕೊಂಡವನು ಶಾರ್ಕ್ಸ್ ನಾಯಕನಾದ, ಲೀಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಮಾಡಿದ. ಗೋಲಿನ ಮುಂದೆ ನಿಂತು, ಬರುವ ಶಾಟ್‌ಗೆ ಸ್ಟಿಕ್ ತಾಗಿಸಿ ದಿಕ್ಕು ಬದಲಿಸುವ ಅವನ ಕೈಚಳಕ ಕಾಲಿನ ಕೊರತೆಯನ್ನು ತುಂಬಿಕೊಟ್ಟಿತು. 2024ರಲ್ಲಿ ಮೊದಲ ಆಯ್ಕೆಯಾಗಿ ಬಂದ ಮ್ಯಾಕ್ಲಿನ್ ಸೆಲೆಬ್ರಿನಿಯಂಥವನನ್ನು ಗುರುತಿಸೋಕೆ ನಾವೇ ಬೇಕಾ? ಮಜಾ ಇರೋದು ಈ ಕೊನೆ ಸುತ್ತಿನವರಲ್ಲಿ.

ಸಾಧ್ಯ ಆದರೆ ಎರಡು ದಿನ ಹೋಗಿ. ಮೊದಲ ದಿನ ಕೋಚ್ ಒಬ್ಬನನ್ನು ಪಕ್ಕಕ್ಕೆ ಕರೆದು, ಸ್ಟಿಕ್‌ನಿಂದ ಐಸ್ ಮೇಲೆ ಗೆರೆ ಎಳೆದು ಏನೋ ಹೇಳುತ್ತಾನೆ ಅಲ್ವಾ, ಅವನ ಜೆರ್ಸಿ ನಂಬರ್ ಬರೆದುಕೊಳ್ಳಿ. ಮರುದಿನ ಅದೇ ಡ್ರಿಲ್‌ನಲ್ಲಿ ಅವನು ಬೇರೆ ಥರ ಮಾಡಿದನಾ ನೋಡಿ. ನಾನು ಗೋಲಿಗಿಂತ ಇದಕ್ಕೇ ಜಾಸ್ತಿ ಅಂಕ ಕೊಡೋದು.

ಗೋಲ್‌ಕೀಪರ್‌ಗಳ ಬಗ್ಗೆ ತೀರ್ಪು ಬೇಡ. ಅವರು ಪಕ್ಕಾ ಆಗೋಕೆ ವರ್ಷಗಳೇ ಬೇಕು. ತಡೆದ ಪಕ್ ಪುಟಿದು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ನೋಡಿ, ಮೂಲೆಗೆ ಹೋದರೆ ಸರಿ, ಎದುರಾಳಿಯ ಸ್ಟಿಕ್ಕಿಗೇ ಹೋದರೆ ಒಂದು ಪ್ರಶ್ನೆ ಚಿಹ್ನೆ ಹಾಕಿ.

ಇನ್ನೊಂದು ವಿಷಯ. ಜುಲೈ ಕ್ಯಾಂಪ್‌ನಲ್ಲಿ ಮೈಗೆ ಮೈ ಗುದ್ದಾಟ ಕಡಿಮೆ, ಕೆಲವರು ತಿಂಗಳುಗಟ್ಟಲೆ ಮ್ಯಾಚ್ ಆಡಿರುವುದಿಲ್ಲ. ಅಲ್ಲಿ ಮಿಂಚಿದವನು ಗುದ್ದು ಬಿದ್ದಾಗ ಏನು ಮಾಡುತ್ತಾನೆ ಅನ್ನೋದು ಸೆಪ್ಟೆಂಬರ್‌ನ ರೂಕಿ (ಹೊಸಬರ) ಮ್ಯಾಚ್‌ಗಳಲ್ಲೇ ಗೊತ್ತಾಗೋದು. ಆಗಲೂ ಅದೇ ನೋಟ್‌ಬುಕ್ ತೆಗೆದುಕೊಂಡು ಹೋಗಿ. ನನ್ನದರಲ್ಲಿ ಆಮೇಲೆ ಹೊಡೆದು ಹಾಕಿದ ಹೆಸರುಗಳೇ ಜಾಸ್ತಿ, ಎರಡು ಗೀಟಿನವನದೂ ಸೇರಿ.