ಮುಸುರೆ ಡ್ರಮ್ಮಿನ ಟಣ್ ಸದ್ದು: ಮುಲುಂಡ್‌ನಲ್ಲಿ ಕಾಡಿಗಾಗಿ ಕನ್ನಡ ರೇಡಿಯೋ, ನನ್ನ ಅನುಭವ

ಮುಂಬೈನಲ್ಲಿ ಕನ್ನಡದಲ್ಲಿ ಸ್ಪಾಟ್ (ರೇಡಿಯೋ, ಟಿವಿಯ ಸಣ್ಣ ಪ್ರಚಾರದ ತುಣುಕು) ಮಾಡಿ, ಊರಿನ ಮಗ್ಗುಲಲ್ಲೇ ಚಿರತೆಗಳಿರೋ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿಗೆ ಜನರ ಬೆಂಬಲ ತರ್ತೀನಿ ಅಂದಾಗ ನಮ್ಮ ಡಬ್ಬಿಂಗ್ ಲೈನಿನವರೇ ನಂಬಲಿಲ್ಲ. "ಮರಾಠಿಯಲ್ಲಿ ಮಾಡು, ಹಿಂದಿಯಲ್ಲಿ ಮಾಡು, ಕನ್ನಡ ಕೇಳೋರು ಯಾರಿದ್ದಾರೆ ಇಲ್ಲಿ" ಅಂದ್ರು. ಮೂರು ವರ್ಷ ಆಯ್ತು, ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಾರೆ, ಅದಕ್ಕೇ ಇದನ್ನ ಬರೀತಿದ್ದೀನಿ. ಮೈಕು, ಎಡಿಟಿಂಗ್ ಎಲ್ಲ ನಿಮಗೆ ಗೊತ್ತಿರೋದೇ, ಅದ್ರ ಬಗ್ಗೆ ಬರಿಯಲ್ಲ.

ಮೊದಲ ಸಲ ದುಡ್ಡು ಹೋಗಿದ್ದು ದೊಡ್ಡ ಎಫ್‌ಎಂನಲ್ಲಿ. ಸಂಘದವರು, ನಾಲ್ಕೈದು ಹೋಟೆಲಿನವರು ಸೇರಿ ಒಂದು ಲಕ್ಷದ ಅರವತ್ತು ಸಾವಿರದ ಹತ್ರ ಒಟ್ಟು ಮಾಡಿ ಕೊಟ್ರು. ಇಪ್ಪತ್ತು ಸೆಕೆಂಡಿನ ಸ್ಪಾಟು, ದಿನಕ್ಕೆ ಆರು, ಹನ್ನೆರಡು ದಿನ. ಹತ್ತು ಸೆಕೆಂಡಿಗೆ ಸಾವಿರ ಸಾವಿರದ ನೂರು ಬಿತ್ತು ಅಂತ ನೆನಪು. ಹಿಂದಿಯಲ್ಲಿ ಗಂಭೀರ ದನಿ, ಹಿಂದೆ ಕೊಳಲು, ಹಕ್ಕಿ ಕೂಗು, 'ಕಾಡು ಉಳಿಸಿ, ನಾಳೆ ಉಳಿಸಿ'. ಬಂದ ಫೋನು ಹನ್ನೊಂದು, ಅದ್ರಲ್ಲಿ ನಾಲ್ಕು ಪಿಕ್‌ನಿಕ್‌ಗೆ ಬುಕಿಂಗ್ ಎಲ್ಲಿ ಅಂತ ಕೇಳಿದ್ದು. ದುಡ್ಡು ಕೊಟ್ಟವರ ಮುಂದೆ ಲೆಕ್ಕ ಇಟ್ಟ ದಿನ ರಾತ್ರಿ ನಿದ್ದೆ ಬರಲಿಲ್ಲ.

ಎರಡನೇದು ಇನ್ನೂ ಕೆಟ್ಟದಾಯ್ತು. ಒಂದು ಲೋಕಲ್ ಕೇಬಲ್ ಚಾನೆಲ್‌ನವರು ಫ್ರೀ ಸ್ಲಾಟ್ ಕೊಡ್ತೀವಿ, ಆದ್ರೆ ವಿಷುವಲ್ ಬೇಕು ಅಂದ್ರು. ಒಂದು ಸೊಸೈಟಿ ಗೇಟಿನ ಸಿಸಿಟಿವಿಯಲ್ಲಿ ಚಿರತೆ ಬಂದು ನಾಯಿ ಎತ್ಕೊಂಡು ಹೋದ ಕ್ಲಿಪ್ ಇತ್ತು, ಅದನ್ನೇ ಹಾಕಿ ಕೆಳಗೆ 'ನಮ್ಮ ನೆರೆಯವನು' ಅಂತ ಪಟ್ಟಿ ಓಡಿಸಿದೆ. ಪಟ್ಟಿ ಯಾರು ಓದ್ತಾರೆ? ಕ್ಲಿಪ್ ನೋಡಿದ್ರು, ಹೆದರಿದ್ರು, ವಾರದೊಳಗೆ ಬೋನು ಇಡಿ ಅಂತ ಅರ್ಜಿ ಎದ್ದಿತು. ಬೋನು ಇಟ್ಟು ಹಿಡಿದು ಬೇರೆ ಕಡೆ ಬಿಟ್ರೆ ಏನಾಗುತ್ತೆ ಅನ್ನೋದು ಪುಣೆ ಜಿಲ್ಲೆಯ ಜುನ್ನರ್ ಕಡೆ ಚಿರತೆ ಸಂಶೋಧಕಿ ವಿದ್ಯಾ ಅತ್ರೇಯ ಅವರ ಕೆಲಸದಿಂದ ಗೊತ್ತಾಗಿರೋದೇ, ಬಿಟ್ಟ ಜಾಗದ ಸುತ್ತ ದಾಳಿ ಜಾಸ್ತಿ ಆಗಿತ್ತು. 2004ರಲ್ಲಿ ನಮ್ಮ ಪಾರ್ಕಿನ ಸುತ್ತಮುತ್ತ ಚಿರತೆ ದಾಳಿಗೆ ಮೇಲಿಂದ ಮೇಲೆ ಸಾವಾಗಿದ್ದನ್ನ ಇಲ್ಲಿಯ ಹಳಬರು ಮರೆತಿಲ್ಲ. ಅಂಥಾ ಜಾಗದಲ್ಲಿ ಜನ ಬೋನು ಕೇಳೋ ಹಾಗೆ ಕೈಯಾರೆ ಮಾಡಿದ್ದು ನಾನು. 2011ರಲ್ಲಿ ಶುರುವಾದ ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ (ಎಸ್‌ಜಿಎನ್‌ಪಿ ಅಂದ್ರೆ ನಮ್ಮ ಪಾರ್ಕೇ) ಕೆಲಸದಲ್ಲಿ ಪತ್ರಕರ್ತರನ್ನ ಕೂರಿಸಿ ಇದನ್ನೇ ತಿಳಿಸಿ ಹೇಳಿದ್ರು, ಸುದ್ದಿ ಬರೆಯೋ ರೀತಿಯೇ ಬದಲಾಯ್ತು. ಅದನ್ನ ಓದಿದ್ದೆ, ಆದ್ರೂ ವಿಷುವಲ್ ಆಸೆಗೆ ಬಿದ್ದೆ.

ಆಮೇಲೆ ಆರು ತಿಂಗಳು ಏನೂ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಒಂದು ಹೋಟೆಲಿನ ಹಿಂದಿನ ಗಲ್ಲಿಯಲ್ಲಿ. ಮುಲುಂಡ್ ಕಾಲೋನಿ ಕಡೆ, ಪಾರ್ಕಿನ ಗೋಡೆಯಿಂದ ಹೆಚ್ಚು ದೂರ ಇಲ್ಲ. ರಾತ್ರಿ ಹನ್ನೊಂದು ಮುಕ್ಕಾಲು, ಗಲ್ಲಾ ಮುಚ್ಚಿ ಶೆಟ್ರು ಹೊರಟಿದ್ರು, ಪಾತ್ರೆ ತೊಳೆಯೋ ಹುಡುಗ ನೀಲಿ ಡ್ರಮ್ಮಿನ ತುಂಬ ಮುಸುರೆ ಎಳ್ಕೊಂಡು ಬಂದು ಕಸದ ಗುಂಡಿ ಹತ್ರ ಬಗ್ಗಿಸಿದ. ಅನ್ನ, ಸಾಂಬಾರ್, ಕೋಳಿ ಮೂಳೆ, ಬಾಳೆಎಲೆ. ಡ್ರಮ್ಮಿನ ಮೇಲೆ ತಗಡಿನ ಮುಚ್ಚಳ ಬಿದ್ದು ಟಣ್ ಅಂತು ನೋಡಿ, ಎಲ್ಲಿದ್ವೋ ಗೊತ್ತಿಲ್ಲ, ಹದಿನೈದು ಇಪ್ಪತ್ತು ನಾಯಿ ಬಂದ್ವು. ಆ ಸದ್ದಿಗೇ ಕಾಯ್ತಿದ್ವು. ನಾಯಿ ಎಲ್ಲಿ ಸೇರುತ್ತೋ ಅಲ್ಲಿಗೆ ಚಿರತೆ ಬರುತ್ತೆ, ಇದು ಎಲ್ರಿಗೂ ಗೊತ್ತು. ಆದ್ರೆ ಆ ಡ್ರಮ್ ಎಳೆಯೋ ಹುಡುಗ ಕುಂದಾಪುರದ ಕಡೆಯವನು, ಅಡುಗೆ ಭಟ್ರು ಉಡುಪಿ ಕಡೆಯವರು, ಗಲ್ಲಾದಲ್ಲಿ ಕೂತವರು ಕಾರ್ಕಳದವರು. ಮರಾಠಿ ಬೋರ್ಡು ಎಷ್ಟು ಹಾಕಿದ್ರೂ ಇವರಿಗೆ ಮುಟ್ಟಿರಲಿಲ್ಲ. ಕನ್ನಡ ಕೇಳೋರು ಯಾರು ಅಂದಿದ್ರಲ್ಲ, ಕೇಳಲೇಬೇಕಾದವರು ಇಲ್ಲೇ ಇದ್ರು.

ಮಾರನೇ ದಿನವೇ ರೆಕಾರ್ಡರ್ ತಗೊಂಡು ಹೋದೆ. ಸ್ಕ್ರಿಪ್ಟ್ ಇಲ್ಲ, ವಾಯ್ಸ್ ಓವರ್ ಇಲ್ಲ. ಹುಡುಗರ ಹತ್ರ ಬರೀ ಊರಿನ ಸುದ್ದಿ ಕೇಳಿದೆ. ಭಟ್ರು ತಾವಾಗೇ ಶುರು ಮಾಡಿದ್ರು, "ನಮ್ಮಲ್ಲಿ ಹಟ್ಟಿಗೆ ಚಿಟ್ಟೆಹುಲಿ ಬರ್ತಿತ್ತು ಮಾರಾಯ್ರೆ, ಯಾರೂ ಬೋನು ಗೀನು ಅಂತ ಹೇಳ್ತಿರಲಿಲ್ಲ, ಪಿಲಿಚಾಮುಂಡಿ ಸ್ಥಾನ ಇತ್ತಲ್ಲ." ಚಿಟ್ಟೆಹುಲಿ ಅಂದ್ರೆ ಚಿರತೆ, ಪಿಲಿಚಾಮುಂಡಿ ತುಳುನಾಡಿನ ಹುಲಿದೈವ. ಪಾರ್ಕಿನ ಒಳಗಿನ ಪಾಡಾದಲ್ಲಿ (ಆದಿವಾಸಿ ಹಾಡಿ) ಒಬ್ಬ ವಾರ್ಲಿ ಅಜ್ಜಿ ತಮ್ಮ ಹುಲಿ-ಚಿರತೆ ದೇವರು ವಾಘೋಬಾ ಬಗ್ಗೆ ಹೇಳಿದ್ದು ನನ್ನ ಹಳೆ ರೆಕಾರ್ಡಿಂಗ್‌ನಲ್ಲಿತ್ತು. ಎರಡನ್ನೂ ಜೋಡಿಸಿದೆ. ಅಜ್ಜಿಯ ಮರಾಠಿ ಎರಡು ಸಾಲು, ಭಟ್ರ ಕನ್ನಡ, ಆಮೇಲೆ ಡ್ರಮ್ಮಿನ ಟಣ್, ನಾಯಿ ಬೊಗಳೋದು, ಕೊನೆಗೆ ಹುಡುಗನ ದನಿಯಲ್ಲಿ ಒಂದೇ ಮಾತು, ನಾಳೆಯಿಂದ ಮುಚ್ಚಳ ಕಟ್ಟಿ ಒಳಗೇ ಇಡ್ತೇನೆ, ಬೆಳಿಗ್ಗೆ ಗಾಡಿ ಬಂದಾಗ ಕೊಡ್ತೇನೆ ಅಂತ. ಒಟ್ಟು ತೊಂಬತ್ತು ಸೆಕೆಂಡು. ಕಾಡು ಉಳಿಸಿ ಅನ್ನೋ ಮಾತು ಎಲ್ಲೂ ಇಲ್ಲ.

ಇದನ್ನ ಹಾಕಿಸಿದ್ದು ಒಂದು ಕಾಲೇಜಿನ ಕಮ್ಯುನಿಟಿ ರೇಡಿಯೋದಲ್ಲಿ. ನೂರು ವ್ಯಾಟಿನ ಟ್ರಾನ್ಸ್‌ಮಿಟರ್, ಹತ್ತು ಕಿಲೋಮೀಟರ್ ಅಂತಾರೆ, ಆದ್ರೆ ಇಲ್ಲಿ ಗುಡ್ಡ, ನಲವತ್ತು ಮಹಡಿ ಬಿಲ್ಡಿಂಗು, ಪಕ್ಕದ ಭಾಂಡುಪ್ ಕಡೆ ಬರೀ ಗೊರಗೊರ. ಅಲ್ಲಿಯ ಹೋಟೆಲಿಗೆ ಪೆನ್‌ಡ್ರೈವ್ ಕೊಟ್ಟು ಬಂದೆ. ಕಮ್ಯುನಿಟಿ ರೇಡಿಯೋದಲ್ಲಿ ನಮ್ಮದೇ ಸುದ್ದಿ ಓದೋ ಹಾಗಿಲ್ಲ, ಹಾಗಾಗಿ ನಿನ್ನೆ ಇಲ್ಲಿ ಚಿರತೆ ಬಂತು ಅಂತ ಹೇಳಕ್ಕಾಗಲ್ಲ, ಅದೇ ಒಳ್ಳೇದಾಯ್ತು, ಹೆದರಿಸೋ ದಾರಿಯೇ ಬಂದ್ ಆಯ್ತು.

ಟೈಮಿಂಗ್ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಇದು ನಾನೇ ಕಂಡುಕೊಂಡಿದ್ದು. ಎಫ್‌ಎಂನವರ ಪ್ರೈಮ್ ಟೈಮ್ ಬೆಳಿಗ್ಗೆ, ಸಂಜೆ. ಆ ಹೊತ್ತಲ್ಲಿ ಹೋಟೆಲಿನವನಿಗೆ ತಲೆ ಎತ್ತಕ್ಕೂ ಪುರುಸೊತ್ತಿಲ್ಲ. ಅವನು ಕೇಳೋದು ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ, ಊಟದ ಗಿರಾಕಿ ಮುಗಿದು ಟೀ ಗಿರಾಕಿ ಬರೋ ಮುಂಚೆ ಮಾಳಿಗೆ ಮೇಲೆ ಕಾಲು ಚಾಚಿ ಮಲಗಿದಾಗ. ಟಿವಿ ನೋಡೋದು ರಾತ್ರಿ ಕ್ಲೋಸಿಂಗ್ ಆಗಿ ತಾವು ಊಟಕ್ಕೆ ಕೂತಾಗ. ಈ ಎರಡೂ ಸ್ಲಾಟನ್ನ ಜಾಹೀರಾತಿನವರು ಯಾರೂ ಕೊಳ್ಳಲ್ಲ, ಅಗ್ಗ. ಕೇಬಲ್‌ನಲ್ಲಿ ರಾತ್ರಿ ಹನ್ನೊಂದರ ನಂತರ ಎರಡು ತಿಂಗಳಿಗೆ ಹನ್ನೊಂದು ಸಾವಿರ ಕೊಟ್ಟೆ. ಈ ಸಲ ಕ್ಲಿಪ್ ಇಲ್ಲ, ಡ್ರಮ್ಮಿನ ಒಂದೇ ಒಂದು ಫೋಟೋ, ಮೇಲೆ ಅದೇ ಆಡಿಯೋ. ಕೇಬಲ್‌ನವರನ್ನ ಆ ರೇಟಿಗೆ ಹೇಗೆ ಒಪ್ಪಿಸಿದೆ ಅನ್ನೋದನ್ನ ಇಲ್ಲಿ ಬರಿಯಲ್ಲ, ಇನ್ನೂ ಎರಡು ಏರಿಯಾದಲ್ಲಿ ಅದೇ ದಾರಿ ಬೇಕು. ಅಡುಗೆಮನೆ ಗದ್ದಲದಲ್ಲೂ ಆ ಟಣ್ ಕಿವಿಗೆ ಬೀಳೋ ಹಾಗೆ ಮಾಡಿದ್ದು ಕೂಡ ನನ್ನ ಹತ್ರವೇ ಇರಲಿ. ಹೀಗೇ ಮಾಡಿದ ಒಂಬತ್ತು ಎಪಿಸೋಡಿಗೆ ಓಡಾಟ ಸೇರಿ ನಲವತ್ತು ಸಾವಿರ ದಾಟಲಿಲ್ಲ.

ಮಧ್ಯೆ ಬೇರೆ ಪ್ರಯೋಗನೂ ಮಾಡಿದೆ. ಹುಲಿವೇಷದ ತಾಸೆ ಸದ್ದು ಹಾಕಿ ಒಂದು ಸ್ಪಾಟ್ ಮಾಡಿದ್ರೆ ಹುಡುಗರು ಎದ್ದು ಕುಣಿದ್ರು, ಮಾತು ಒಬ್ಬರ ಕಿವಿಗೂ ಹೋಗಲಿಲ್ಲ. ತೆಗೆದುಬಿಟ್ಟೆ. 2024ರಲ್ಲಿ ಎಂಟು ವರ್ಷಕ್ಕೊಮ್ಮೆ ಬರೋ ಕಾರ್ವಿ ಹೂವು ಬಂತಲ್ಲ, ಆಗ ಜೇನಿನ ಸದ್ದು ಹಿಡಿಯಕ್ಕೆ ಪಾರ್ಕಿಗೆ ಹೋದೆ, ಮಳೆಹನಿ, ವಿಮಾನ, ಟ್ರೆಕ್ಕಿಂಗ್‌ನವರ ಕಿರುಚಾಟ, ಮೂರು ದಿನದಲ್ಲಿ ಸಿಕ್ಕಿದ್ದು ನಲವತ್ತು ಸೆಕೆಂಡು. ಆದ್ರೆ ಎಂಥಾ ನಲವತ್ತು ಸೆಕೆಂಡು! ಹೆಡ್‌ಫೋನ್ ಹಾಕಿದ್ರೆ ಗುಡ್ಡವೇ ಉಸಿರಾಡಿದ ಹಾಗೆ ಕೇಳುತ್ತೆ. ಪಾರ್ಕಿನ ವಿಹಾರ್ ಕೆರೆ 1860ರದ್ದು, ಇವತ್ತಿಗೂ ಅಲ್ಲಿಂದ ಮುಂಬೈಗೆ ನೀರು ಬರುತ್ತೆ ಅಂತ ಒಂದು ಸ್ಪಾಟ್ ಮಾಡಿದೆ, ಅದು ಹೋಟೆಲಿಗಿಂತ ಸೊಸೈಟಿ ಹೆಂಗಸರಿಗೆ ಹಿಡಿಸ್ತು.

ಇದನ್ನ ಕೇಳಿಸಿದ ಇಪ್ಪತ್ತೆರಡು ಹೋಟೆಲಲ್ಲಿ ಹದಿನಾಲ್ಕು ಮುಸುರೆ ಒಳಗಿಡೋಕೆ ಶುರು ಮಾಡಿದ್ವು. ಉಳಿದವರಿಗೆ ಜಾಗ ಇಲ್ಲ, ವಾಸನೆ ಅಂತಾರೆ, ಅದು ಸುಳ್ಳಲ್ಲ, ಮಳೆಗಾಲದಲ್ಲಿ ಕಷ್ಟವೇ. ಗಲ್ಲಿಯಲ್ಲಿ ನಾಯಿ ಅರ್ಧಕ್ಕಿಂತ ಕಮ್ಮಿ ಆದ್ವು, ನಾನೇ ರಾತ್ರಿ ಹೋಗಿ ಎಣಿಸಿದ್ದು. ಹೋದ ನವೆಂಬರಿನಲ್ಲಿ ಒಂದು ಸೊಸೈಟಿ ಗೋಡೆ ಮೇಲೆ ಚಿರತೆ ಕಾಣಿಸ್ತು. ಮೊದಲಾಗಿದ್ರೆ ಇನ್ನೂರು ಜನ ಮೊಬೈಲ್ ಹಿಡ್ಕೊಂಡು ನಿಲ್ತಿದ್ರು. ಈ ಸಲ ಪಕ್ಕದ ಹೋಟೆಲಿನ ಹುಡುಗರೇ ಜನರನ್ನ ಹಿಂದೆ ಸರಿಸಿ, ಲೈಟ್ ಹಾಕಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದ್ರು. ಅರ್ಧ ಗಂಟೆಯಲ್ಲಿ ಅದು ತನ್ನ ಪಾಡಿಗೆ ಕಾಡಿಗೆ ಇಳೀತು. ಎರಡು ದಿನ ಬಿಟ್ಟು ಯಾರೋ ಮತ್ತೆ ಬೋನಿನ ಅರ್ಜಿ ತಂದ್ರು, ಮೂವತ್ತು ಸಹಿಯೂ ಆಗಲಿಲ್ಲ. ಕಸದ ಗಾಡಿ ರಾತ್ರಿ ಕ್ಲೋಸಿಂಗ್ ಹೊತ್ತಿಗೇ ಬರಲಿ, ಬೋನು ಬೇಡ ಅಂತ ನಾವು ಬರೆದ ಅರ್ಜಿಗೆ ಸಾವಿರದ ಒಂಬೈನೂರರ ಹತ್ರ ಸಹಿ ಬಿತ್ತು, ಮೊದಲನೇ ಸಹಿ ಆ ಪಾತ್ರೆ ತೊಳೆಯೋ ಹುಡುಗಂದು, ಕನ್ನಡದಲ್ಲಿ.

ಗಾಡಿ ಈಗ ವಾರದಲ್ಲಿ ನಾಲ್ಕು ದಿನ ರಾತ್ರಿ ಬರುತ್ತೆ. ಉಳಿದ ಮೂರು ದಿನಕ್ಕೆ ಓಡಾಡ್ತಿದ್ದೀನಿ. ಫೆಬ್ರವರಿಯಿಂದ ಬೆಂಕಿ ಸೀಸನ್, ಅದಕ್ಕೆ ಆರು ಸ್ಪಾಟ್ ಮಾಡ್ಬೇಕು, ಒಣ ಹುಲ್ಲಿಗೆ ಬೆಂಕಿ ಹತ್ತಿದ ಸದ್ದು ಚೆನ್ನಾಗಿ ರೆಕಾರ್ಡ್ ಮಾಡಿದವರು ಯಾರಾದ್ರೂ ಇದ್ರೆ ಕೊಡಿ, ಅದಕ್ಕೋಸ್ಕರ ನಾನು ಎಲ್ಲೂ ಬೆಂಕಿ ಹಚ್ಚಲ್ಲ.